ಸೊಂಟಕ್ಕೆ ಹಗ್ಗ ಕಟ್ಟಿ ಹಳ್ಳ ದಾಟುವ ಮೊದಲು ಇದನ್ನು ಓದಿ

ನಿನ್ನೆ ಗುಂಪಿನಲ್ಲಿ ದಾವಣಗೆರೆಯ ಹುಡುಗರು ಹಾಕಿದ ಫೋಟೋ ನೋಡಿದೆ. ಸಿದ್ದಾಪುರ ಕಡೆಯ ಯಾವುದೋ ಅಬ್ಬಿಗೆ, ಅಂದರೆ ಜಲಪಾತಕ್ಕೆ, ಹೋಗುವ ದಾರಿ. ಒಬ್ಬ ಸೊಂಟಕ್ಕೆ ನೀಲಿ ನೈಲಾನ್ ಹಗ್ಗ ಕಟ್ಟಿಕೊಂಡು ಹಳ್ಳದ ನಡುವೆ ನಿಂತಿದ್ದಾನೆ, ಇಬ್ಬರು ದಡದಲ್ಲಿ ಹಗ್ಗ ಹಿಡಿದಿದ್ದಾರೆ. ಕೆಳಗೆ ‘ಸೇಫ್ಟಿ ಫಸ್ಟ್’ ಅಂತ ಬರೆದಿದ್ದಾರೆ. ಬರುವ ಭಾನುವಾರ ಇನ್ನೂ ಎಂಟು ಜನರನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಾರಂತೆ, ಏನೇನು ತರಬೇಕು ಅಂತ ಕೇಳಿದ್ದಾರೆ. ಕೆಳಗೆ ಎಲ್ಲರೂ ಟೆಂಟು, ಪವರ್ ಬ್ಯಾಂಕು ಅಂತ ಪಟ್ಟಿ ಕೊಟ್ಟಿದ್ದಾರೆ. ಆ ಹಗ್ಗದ ಬಗ್ಗೆ ಒಬ್ಬರೂ ಮಾತಾಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬೈಗುಳವೂ ಇರುತ್ತದೆ, ತಡೆದುಕೊಳ್ಳಿ ಮಾರಾಯ್ರೆ.

ಹರಿಯುವ ನೀರಿನಲ್ಲಿ ಮನುಷ್ಯನನ್ನು ಹಗ್ಗಕ್ಕೆ ಗಂಟು ಹಾಕಿ ಕಟ್ಟಬಾರದು. ಕಾಲು ಜಾರಿದ ಕೂಡಲೇ ನೀರು ಅವನನ್ನು ಕೆಳಕ್ಕೆ ಒಯ್ಯುತ್ತದೆ, ನೀವು ದಡದಿಂದ ಎಳೆಯುತ್ತೀರಿ. ನಡುವೆ ಸಿಕ್ಕವನು ಮೇಲೆ ಏಳುವುದಿಲ್ಲ, ಸೊಂಟದಲ್ಲಿ ಮಡಚಿಕೊಂಡು ತಳಕ್ಕೆ ಹೋಗುತ್ತಾನೆ. ನೀವು ಎಳೆದಷ್ಟೂ ಅವನು ಮುಳುಗುತ್ತಾನೆ. ಹೊಳೆಯಲ್ಲಿ ರಕ್ಷಣೆಯ ಕೆಲಸ ಮಾಡುವವರೂ ಹಗ್ಗ ಕಟ್ಟಿಕೊಳ್ಳುತ್ತಾರಲ್ಲ ಅಂತ ಕೇಳಬಹುದು. ಅವರ ಜಾಕೆಟ್ಟಿನಲ್ಲಿ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿ ಇರುತ್ತದೆ. ನಿಮ್ಮ ಹುಡುಗನ ಸೊಂಟದಲ್ಲಿ ಇದ್ದದ್ದು ದನ ಕಟ್ಟುವ ಗಂಟು. ಒದ್ದೆಯಾಗಿ ಬಿಗಿದ ನೈಲಾನ್ ಗಂಟು ದಡದಲ್ಲಿ ಕೂತು ಹಲ್ಲು ಹಾಕಿದರೂ ಬಿಚ್ಚುವುದಿಲ್ಲ, ಇನ್ನು ನೀರಿನೊಳಗೆ?

ಎಲ್ಲೋ ಓದಿ ಹೇಳುತ್ತಿಲ್ಲ. 2009ರ ಆಗಸ್ಟ್. ನಾವು ನಾಲ್ಕು ಜನ, ಅದೇ ಸಿದ್ದಾಪುರ ಸೀಮೆ, ಹೆಸರಿಲ್ಲದ ಒಂದು ಅಬ್ಬಿ. ಬೆಳಿಗ್ಗೆ ಹತ್ತೂವರೆಗೆ ಹಳ್ಳ ದಾಟಿದೆವು. ಮೊಣಕಾಲುದ್ದ ನೀರು, ಕನ್ನಡಿಯ ಹಾಗೆ ತಿಳಿ. ತಲೆ ಮೇಲೆ ಬಿಸಿಲು ಬೇರೆ. ಅಬ್ಬಿಯ ಬುಡದಲ್ಲಿ ಸ್ನಾನ, ಮ್ಯಾಗಿ, ಫೋಟೋ. ಅಲ್ಲಿ ಒಂದು ಹನಿ ಮಳೆ ಬೀಳಲಿಲ್ಲ. ನಿಲ್ಕುಂದದ ಕಡೆ ಮುಗಿಲು ಕಪ್ಪಾಗಿತ್ತು, ನೋಡಿಯೂ ಇದ್ದೆವು. ‘ಅದು ಅಲ್ಲಿ, ನಾವು ಇಲ್ಲಿ’ ಅಂದುಕೊಂಡೆವು.

ವಾಪಸ್ ಬಂದಾಗ ನಾಲ್ಕು ಗಂಟೆ. ಹಳ್ಳ ಸೊಂಟದ ಮಟ್ಟಕ್ಕೆ ಬಂದಿತ್ತು. ಚಹಾದ ಬಣ್ಣ. ಐದೂವರೆಗೆ ಸಿದ್ದಾಪುರದ ಕೊನೆ ಬಸ್ಸು, ಮರುದಿನ ಎಲ್ಲರಿಗೂ ಆಫೀಸು. ಆ ಬಸ್ಸೇ ನಮ್ಮ ಬುದ್ಧಿ ಕೆಡಿಸಿದ್ದು. ನಮ್ಮಲ್ಲಿ ಈಜು ಬರುತ್ತಿದ್ದವನ ಸೊಂಟಕ್ಕೆ ಹಗ್ಗ ಕಟ್ಟಿದೆವು. ಅವನು ದಾಟಿ ಆ ಕಡೆ ಮರಕ್ಕೆ ಕಟ್ಟುವುದು, ನಾವು ಹಿಡಿದುಕೊಂಡು ಬರುವುದು, ಇದು ಯೋಜನೆ. ನಡು ಹಳ್ಳದಲ್ಲಿ ಅವನ ಕಾಲು ಜಾರಿತು. ಹಗ್ಗ ಬಿಗಿಯಿತು. ನಾವು ಮೂವರೂ ಪ್ರಾಣ ಬಿಟ್ಟು ಎಳೆದೆವು. ಅವನ ತಲೆ ಕಾಣಲೇ ಇಲ್ಲ. ಒಂದು ಕೈ ಮಾತ್ರ ಮೇಲೆ ಬಂದು ಹೋಯಿತು. ಮುಂದೆ ನಿಂತಿದ್ದ ಗೆಳೆಯ ಹಾವಸೆಯ (ಪಾಚಿಯ) ಮೇಲೆ ಜಾರಿ ಬಿದ್ದ, ಅವನ ಭಾರಕ್ಕೆ ಹಿಂದಿದ್ದವನ ಹಿಡಿತವೂ ತಪ್ಪಿತು. ಇಡೀ ಹಗ್ಗ ನನ್ನ ಅಂಗೈ ಚರ್ಮ ಕಿತ್ತುಕೊಂಡು ಸರ್ರನೆ ಹೋಯಿತು. ಹಗ್ಗ ಸಡಿಲ ಆದ ಕೂಡಲೇ ಅವನು ಮೇಲೆ ತೇಲಿದ. ಮೂವತ್ತು ನಲವತ್ತು ಅಡಿ ಕೆಳಗೆ, ನಮ್ಮದೇ ದಡದ ಮುಂಡಿಗೆ ಪೊದೆಗೆ ತಗುಲಿ ನಿಂತ. ಮೈಯೆಲ್ಲ ಮುಳ್ಳು ಗೀರು, ಒಂದು ಪಕ್ಕೆಲುಬು ಬಿರುಕು, ಆದರೆ ಉಸಿರು ಇತ್ತು. ನಾವು ಉಳಿಸಿದ್ದಲ್ಲ. ನಾವು ಕೈಬಿಟ್ಟದ್ದರಿಂದ ಉಳಿದ. ಅಂಗೈಯ ಗಾಯದ ಗುರುತು ಈಗಲೂ ಇದೆ, ನಿಮ್ಮ ಫೋಟೋ ನೋಡಿದಾಗ ಅಲ್ಲೇ ತುರಿಸಿದಂತಾಯಿತು.

ಆಮೇಲೆ ಆಚೆ ದಡದ ಅಡಿಕೆ ತೋಟದಿಂದ ಒಬ್ಬ ಅಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಬಂದರು. ‘ಕೂತ್ಕಳಿ’ ಅಂತ ಕೈ ಸನ್ನೆ ಮಾಡಿದರು. ಇಪ್ಪತ್ತು ನಿಮಿಷದಲ್ಲಿ ನಮ್ಮ ದಡದಲ್ಲೇ ಪ್ರತ್ಯಕ್ಷ! ಅರ್ಧ ಮೈಲಿ ಮೇಲೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಇತ್ತಂತೆ. ಬೆಳಿಗ್ಗೆ ಅವರ ಮನೆ ಮುಂದೆಯೇ ಹಾದು ಬಂದಿದ್ದೆವು, ಒಂದು ಮಾತು ಕೇಳಿರಲಿಲ್ಲ. ‘ತಮಾ, ಹಳ್ಳಕ್ಕೆ ಬಸ್ಸಿನ ಟೈಮ್ ಗೊತ್ತಿಲ್ಲೆ’ ಅಂದರು. ‘ಬರೂವಾಗ ಗುರ್ತು ಇಟ್ಟಿದ್ರಾ?’ ಅಂತಲೂ ಕೇಳಿದರು. ಯಾವ ಗುರುತು ಅಂತ ನಾವು ಮುಖ ಮುಖ ನೋಡಿಕೊಂಡೆವು. ಅವತ್ತು ರಾತ್ರಿ ಅವರ ಮನೆಯ ಜಗುಲಿಯಲ್ಲಿ ಗಂಜಿ ಉಂಡು ಮಲಗಿದೆವು. ರಾತ್ರಿ ಹತ್ತಕ್ಕೆ ಬ್ಯಾಟರಿ ಹಿಡಿದು ನೋಡಿದರೆ ಹಳ್ಳ ಮತ್ತೆ ಮೊಣಕಾಲಿಗೆ ಇಳಿದಿತ್ತು. ಸಣ್ಣ ಹಳ್ಳ ಏರುವುದೂ ಬೇಗ, ಇಳಿಯುವುದೂ ಬೇಗ. ಸುಮ್ನೆ ಕೂತಿದ್ದರೆ ಸಾಕಿತ್ತು.

ಆ ಗುರುತು ಏನು ಅಂತ ಅಜ್ಜ ತೋರಿಸಿದ್ದನ್ನು ಹದಿನೈದು ವರ್ಷದಿಂದ ಒಂದು ಸಲವೂ ಬಿಡದೆ ಮಾಡುತ್ತಿದ್ದೇನೆ. ಹಳ್ಳ ದಾಟಿದ ಕೂಡಲೇ ಎರಡು ಕೋಲು ಕಡಿದುಕೊಳ್ಳಿ. ಒಂದನ್ನು ನೀರಿನ ಅಂಚಿಗೆ ಸರಿಯಾಗಿ ಊರಿ. ಇನ್ನೊಂದನ್ನು ದಡದ ಇಳಿಜಾರಿನಲ್ಲಿ ಒಂದು ಗೇಣು ಎತ್ತರಕ್ಕೆ ಊರಿ. ಮೊದಲನೆಯದರ ಬುಡ ಮುಳುಗಿದರೆ ಅಡುಗೆ ಸಾಮಾನು ಕಟ್ಟಿ. ಎರಡನೆಯದಕ್ಕೆ ನೀರು ಮುಟ್ಟಿದರೆ ದಾಟುವ ಮಾತೇ ಇಲ್ಲ, ಎತ್ತರದಲ್ಲಿ ಕೂತುಕೊಳ್ಳಿ. ರಭಸ ಇಲ್ಲದ, ನೀರು ನಿಂತಂತೆ ಕಾಣುವ ಜಾಗದಲ್ಲಿ ಊರಬೇಕು, ಇಲ್ಲದಿದ್ದರೆ ಅಲೆಗೇ ಕೋಲು ಬೀಳುತ್ತದೆ. ಮರಳಿನಲ್ಲಿ ಬೇಡ, ಕಲ್ಲಿನ ಸಂದಿ ಒಳ್ಳೆಯದು. ಜೊತೆಗೆ ದಾಟುವ ಮೊದಲು ಫೋನಿನಲ್ಲಿ ಒಂದು ಫೋಟೋ, ಎದುರು ಒಂದು ಒಣ ಬಂಡೆ ಕಾಣುವ ಹಾಗೆ. ಸಂಜೆ ಆ ಬಂಡೆ ಕಾಣದಿದ್ದರೆ ವಾದವೇ ಬೇಡ. ಗುಂಪಿನಲ್ಲಿ ‘ಅಯ್ಯೋ ಬೆಳಿಗ್ಗೆನೂ ಇಷ್ಟೇ ಇತ್ತು ಕಣೋ’ ಅನ್ನುವವನೊಬ್ಬ ಇದ್ದೇ ಇರುತ್ತಾನೆ, ಅವನಿಗೆ ಫೋಟೋ ತೋರಿಸಿ.

ಹಳ್ಳದಿಂದ ಅಬ್ಬಿ ದೂರ ಇದ್ದರೆ? ಅಬ್ಬಿಯ ಕೆಳಗಿನ ನೀರಿನಲ್ಲೂ ಇನ್ನೊಂದು ಕೋಲು ಊರಿ. ಆದರೆ ಎರಡೂ ಒಂದೇ ನೀರಾಗಿದ್ದರೆ ಮಾತ್ರ ಅದು ಉಪಯೋಗ. ದಾರಿಯ ಹಳ್ಳ ಬೇರೆ ಗುಡ್ಡದಿಂದ ಬರುತ್ತಿದ್ದರೆ ಅಬ್ಬಿಯ ಕೋಲು ನಿಮಗೆ ಏನೂ ಹೇಳುವುದಿಲ್ಲ. ಇನ್ನೊಂದು ಮಾತು, ಕೋಲನ್ನೇ ನಂಬಿ ನಿದ್ದೆ ಹೊಡೆಯಬೇಡಿ. ಘಟ್ಟದ ಮೇಲೆ ಒಮ್ಮೆಲೇ ಸುರಿದರೆ ನೀರು ಗೇಣು ಗೇಣಾಗಿ ಏರುವುದಿಲ್ಲ, ಗೋಡೆಯ ಹಾಗೆ ಬರುತ್ತದೆ. ಆಗ ಕಣ್ಣು ಕಿವಿಯೇ ಗತಿ. ತಿಳಿ ನೀರು ಕೆಂಪಾಗುವುದು, ತರಗೆಲೆ ಕಡ್ಡಿ ತೇಲಿ ಬರಲು ಶುರುವಾಗುವುದು, ಸದ್ದು ದಪ್ಪ ಆಗುವುದು. ಈ ಮೂರರಲ್ಲಿ ಎರಡು ಸೇರಿದರೆ ಮ್ಯಾಗಿ ಪಾತ್ರೆ ಅಲ್ಲೇ ಬಿಟ್ಟು ಮೇಲೆ ಹತ್ತಿ. ಬರೀ ಕೆಂಪು ನೋಡಿ ಓಡಬೇಕಿಲ್ಲ. ನಾಟಿ ದಿನಗಳಲ್ಲಿ ಮೇಲೆ ಯಾರೋ ಗದ್ದೆ ಹೂಡುತ್ತಿದ್ದರೂ ಕೆಂಪು ನೀರು ಬರುತ್ತದೆ. ಕಸ ಕಡ್ಡಿ ಜೊತೆಗೆ ಬಂದರೆ ಅದು ಗದ್ದೆಯದ್ದಲ್ಲ.

ಇನ್ನು ದಾಟುವ ಕ್ರಮ. ಫೋಟೋದಲ್ಲಿ ನೀವು ಹಳ್ಳ ಕಿರಿದಾಗುವ ಕಡೆ ದಾಟುತ್ತಿದ್ದೀರಿ. ಎಲ್ಲರೂ ಅಲ್ಲೇ ದಾಟುತ್ತಾರೆ, ನಾಲ್ಕೇ ಹೆಜ್ಜೆ ಅಲ್ವಾ ಅಂತ. ಅದೇ ತಪ್ಪು. ಕಿರಿದಾದ ಕಡೆ ನೀರು ಆಳ, ವೇಗವೂ ಜಾಸ್ತಿ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಹಳ್ಳ ಹರಡಿಕೊಂಡಿರುವ ಕಡೆ ಹುಡುಕಿ. ಇಪ್ಪತ್ತು ಹೆಜ್ಜೆ ಆದರೂ ಪರವಾಗಿಲ್ಲ. ನೀರು ಬರುವ ದಿಕ್ಕಿಗೆ ಮುಖ ಮಾಡಿ, ಎದೆಯುದ್ದದ ಗಟ್ಟಿ ಕೋಲನ್ನು ಮುಂದೆ ಊರಿ, ಏಡಿಯ ಹಾಗೆ ಅಡ್ಡಡ್ಡ ಸರಿಯಿರಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ. ಶೂ ಬಿಚ್ಚಿ ಕೊರಳಿಗೆ ನೇತುಹಾಕಿಕೊಳ್ಳುವ ಚಾಳಿ ಬಿಡಿ, ಬರಿಗಾಲಿಗೆ ಕಲ್ಲು ತಗುಲಿದರೆ ಬಾಗುತ್ತೀರಿ, ಬಾಗಿದವನು ಬೀಳುತ್ತಾನೆ. ಅಬ್ಬಿಯ ನೆತ್ತಿಯ ಮೇಲೆ ಮಾತ್ರ ಪಾದ ಮುಳುಗುವಷ್ಟು ನೀರಿದ್ದರೂ ದಾಟಬೇಡಿ. ಬೀಳುವ ಮೊದಲು ಕೆಳಗೆ ಏನಿದೆ ಅಂತ ನೋಡಿರಬೇಕು. ನನ್ನ ಗೆಳೆಯನ ಕೆಳಗೆ ಪೊದೆ ಇತ್ತು.

ಶೂ ಅಂದಾಗ ನೆನಪಾಯಿತು. ಒಬ್ಬರು ‘ವಾಟರ್‌ಪ್ರೂಫ್ ಟ್ರೆಕಿಂಗ್ ಶೂ ತಗೊಳ್ಳಿ’ ಅಂದಿದ್ದಾರೆ. ನಾನೂ ಒಮ್ಮೆ ಎಂಟು ಸಾವಿರ ಕೊಟ್ಟು ತಗೊಂಡೆ. ಹೆಸರು ಬೇಡ. ಹೊರಗಿನ ನೀರು ಒಳಗೆ ಬರಲಿಲ್ಲ ನಿಜ, ಆದರೆ ಮೇಲಿಂದ ತುಂಬಿದ ನೀರು ಹೊರಗೂ ಹೋಗಲಿಲ್ಲ. ಎರಡು ಕೊಡ ಹೊತ್ತು ನಡೆದ ಹಾಗೆ. ಮಲೆನಾಡಿನ ಮಳೆಗೆ ನೀರು ಬಸಿದು ಹೋಗುವ ಹಗುರ ಶೂ ಬೇಕು. ನೇಪಾಳದ ಗೋಲ್ಡ್‌ಸ್ಟಾರ್ ನನಗೆ ಮೂರು ಮಳೆಗಾಲ ಬಂತು, ಬೆಲೆಯೂ ಕಮ್ಮಿ. ಫುಟ್‌ಬಾಲ್ ಸ್ಟಡ್ ಕೆಸರಿನಲ್ಲಿ ಹಿಡಿಯುತ್ತದೆ, ಒದ್ದೆ ಬಂಡೆ ಮೇಲೆ ಜಾರುತ್ತದೆ. ಗಂಬೂಟು ತೋಟಕ್ಕೆ ಸರಿ, ಹಳ್ಳಕ್ಕೆ ಬೇಡವೇ ಬೇಡ. ಹಾವಸೆ ಹಿಡಿದ ಬಂಡೆಗೆ ಮಾತ್ರ ಯಾವ ಕಂಪನಿಯ ರಬ್ಬರೂ ಸಾಲುವುದಿಲ್ಲ. ಶೂ ಮೇಲೆ ತೆಂಗಿನ ನಾರಿನ ಹಗ್ಗ ಎರಡು ಸುತ್ತು ಕಟ್ಟಿ ನೋಡಿ, ನನಗೆ ಅದೇ ಚೆನ್ನಾಗಿ ಹಿಡಿದದ್ದು. ಕಪ್ಪಗೆ ಮಿಂಚುವ ಬಂಡೆ ಬಿಟ್ಟು ಮಾಸಲು, ಒರಟು ಬಂಡೆ ನೋಡಿ ಕಾಲಿಡುವುದು ಅದಕ್ಕಿಂತ ಒಳ್ಳೆಯದು.

ಅಬ್ಬಿಯ ನೇರ ಕೆಳಗೆ ನಿಂತು ತಲೆ ಒಡ್ಡುವವರಿಗೆ: ಮಳೆಗಾಲದಲ್ಲಿ ನೀರಿನ ಜೊತೆ ಕಲ್ಲೂ ಬರುತ್ತದೆ, ಮರದ ತುಂಡೂ ಬರುತ್ತದೆ. ಬುಡದ ಗುಂಡಿಯ ಬಿಳಿ ನೊರೆಯಲ್ಲಿ ಅರ್ಧ ಗಾಳಿ, ಅದರಲ್ಲಿ ಮನುಷ್ಯ ತೇಲುವುದಿಲ್ಲ. ಊರಿನ ಕೆರೆಯಲ್ಲಿ ಈಜುವವನಿಗೂ ಅಲ್ಲಿ ಈಜು ಬಾರದು. ಕೊಲ್ಲೂರಿನ ಹತ್ತಿರ ಅರಿಶಿನಗುಂಡಿಯಲ್ಲಿ 2023ರ ಜುಲೈನಲ್ಲಿ ಬಂಡೆಯ ಮೇಲೆ ನಿಂತಿದ್ದ ಹುಡುಗ ಜಾರಿ ಹೋದ ವಿಡಿಯೋವನ್ನು ಈ ಗುಂಪಿನಲ್ಲೇ ಹತ್ತು ಸಲ ಹಂಚಿದ್ದೀರಿ. ಹಂಚಿದವರೇ ಮುಂದಿನ ವಾರ ಅಂಥದ್ದೇ ಬಂಡೆ ಮೇಲೆ ನಿಂತು ಸೆಲ್ಫಿ ಹಾಕಿದ್ದೂ ಇದೆ.

ಉಂಬಳದ (ಜಿಗಣೆಯ) ಬಗ್ಗೆ ಯಾರೋ ಗಾಬರಿಯಾಗಿದ್ದಾರೆ. ಅದೇನೂ ಮಾಡುವುದಿಲ್ಲ. ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಕಾಲುಚೀಲ ಅದ್ದಿ ಒಣಗಿಸಿ ಹಾಕಿಕೊಳ್ಳಿ. ಗಾಢ ಮಾಡಬೇಡಿ, ಒದ್ದೆ ಚೀಲದಿಂದ ಚರ್ಮಕ್ಕೆ ಇಳಿದು ತಲೆ ಸುತ್ತುತ್ತದೆ. ಉಪ್ಪಿನ ಪೊಟ್ಟಣ ಬಟ್ಟೆಯಲ್ಲಿ ಸುತ್ತಿ ಕೋಲಿನ ತುದಿಗೆ ಕಟ್ಟಿದರೆ ಕಚ್ಚಿದ ಕಡೆ ಮುಟ್ಟಿಸಲು ಸುಲಭ. ಬೆಂಕಿ ಕಡ್ಡಿ ಬೇಡ. ಬಿಟ್ಟ ಮೇಲೂ ರಕ್ತ ಬರುತ್ತಲೇ ಇರುತ್ತದೆ, ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ. ನಿಜವಾಗಿ ಹೆದರಬೇಕಾದ್ದು ಉಂಬಳಕ್ಕಲ್ಲ, ಡಿಸೆಂಬರ್ ಆದಮೇಲೆ ಬರುವ ಉಣುಗಿಗೆ (ಉಣ್ಣೆ ಹುಳಕ್ಕೆ). ಅದು ಕಚ್ಚಿ ಹರಡುವ, ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆ ಈಗಲೂ ಸಾಗರ, ಸಿದ್ದಾಪುರ, ತೀರ್ಥಹಳ್ಳಿ ಕಡೆ ಬರುತ್ತಿದೆ. ಬೇಸಿಗೆಯಲ್ಲಿ ಹೋಗುವವರು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ ಸಿಕ್ಕಿದರೆ ಹಚ್ಚಿಕೊಳ್ಳಿ, ತರಗೆಲೆ ಮೇಲೆ ಕೂರಬೇಡಿ. ಮಂಗ ಸತ್ತು ಬಿದ್ದ ಸುದ್ದಿ ಇರುವ ಕಾಡಿಗೆ ಹೋಗಲೇಬೇಡಿ. ಮನೆಗೆ ಬಂದು ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದೆ ಅಂತ ಹೇಳಿ.

ಈಗ ಭಾನುವಾರದ ವಿಷಯ. ಪುಷ್ಯ ಮಳೆ ಹಿಡಿದಿದೆ, ಅದರ ಹಿಂದೆ ಆಶ್ಲೇಷ ಕಾಯುತ್ತಿದೆ. ನೀವು ಕಟ್ಟಿಕೊಂಡು ಹೋಗುವ ಎಂಟು ಜನರಲ್ಲಿ ಎಷ್ಟು ಜನ ಹಳ್ಳ ದಾಟಿದವರು? ಈ ಸಲ ನಿಂತು ನೋಡುವ ಫಾಲ್ಸ್‌ಗೆ ಹೋಗಿ. ಉಂಚಳ್ಳಿ ಇದೆ, ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುವುದನ್ನು ಎದುರಿನ ಕಟ್ಟೆಯಲ್ಲಿ ನಿಂತೇ ನೋಡಬಹುದು. ಕೆಪ್ಪ ಜೋಗ ಅಂತ ಸುಮ್ನೆ ಕರೆಯುವುದಿಲ್ಲ, ಪಕ್ಕದವರ ಮಾತು ಕೇಳಿಸುವುದಿಲ್ಲ. ಮಂಜು ಮುಚ್ಚಿದರೆ ಏನೂ ಕಾಣದೆ ಬರೀ ಸದ್ದು ಕೇಳಿ ಬರಬೇಕಾಗುತ್ತದೆ, ಒಂದು ಗಂಟೆ ಕಾಯುವ ತಾಳ್ಮೆ ಇರಲಿ. ಯಲ್ಲಾಪುರದ ಕಡೆ ಹೋದರೆ ಮಾಗೋಡು, ಬೇಡ್ತಿ ಹೊಳೆ ಎರಡು ಹಂತದಲ್ಲಿ ಬೀಳುವುದು ದೂರದಿಂದಲೇ ಚಂದ. ಜೋಗದಲ್ಲಿ ತುಂಬು ನೀರು ಬೇಕು ಅಂದರೆ ಮಳೆ ಲೆಕ್ಕ ಹಾಕಿ ಉಪಯೋಗ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ತುಂಬು ನೀರು ಅಣೆಕಟ್ಟೆಯವರು ಬಿಟ್ಟಾಗ ಮಾತ್ರ.

ನಿಮ್ಮ ಅಬ್ಬಿ ಎಲ್ಲೂ ಓಡಿ ಹೋಗುವುದಿಲ್ಲ. ಹಸ್ತ, ಚಿತ್ತೆ ಮಳೆಯ ಹೊತ್ತಿಗೆ, ಅಂದರೆ ಅಕ್ಟೋಬರಿಗೆ ಹೋಗಿ. ನೀರು ಸಾಕಷ್ಟು ಇರುತ್ತದೆ, ತಿಳಿಯಾಗಿರುತ್ತದೆ. ಆಗಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರುವುದರಿಂದ ಎರಡು ಗಂಟೆಯೊಳಗೆ ವಾಪಸ್ ದಾಟಿರಬೇಕು. ಬುರುಡೆ ಜೋಗದ ಬುಡಕ್ಕೆ ಇಳಿಯುವವರಿಗೂ ಇದೇ ಮಾತು, ಮಳೆಗಾಲದಲ್ಲಿ ಅದರ ಗೊಡವೆ ಬೇಡ. ಕೊಡಚಾದ್ರಿಯ ಹಿಡ್ಲುಮನೆಯಲ್ಲಂತೂ ಅಬ್ಬಿಯ ಪಕ್ಕದ ಬಂಡೆಯನ್ನೇ ಹತ್ತಬೇಕು, ಅದಕ್ಕೂ ಅಕ್ಟೋಬರ್ ಕಳೆಯಲಿ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಿಕೊಳ್ಳಿ, ಗೇಟಿನಲ್ಲಿ ನಿಂತು ಗಾರ್ಡಿನ ಹತ್ತಿರ ಗೋಗರೆಯಬೇಡಿ. ದೂಧ್‌ಸಾಗರಕ್ಕೆ ಹಳಿ ಮೇಲೆ ನಡೆದು ಹೋಗಬಹುದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಹೋಗಬಾರದು. ಅದು ಅಪರಾಧ, ದಂಡ ಹಾಕುತ್ತಾರೆ.

ಹೊರಡುವ ದಿನ ದಾರಿಯ ಕೊನೇ ಮನೆ ಮುಂದೆ ಗಾಡಿ ನಿಲ್ಲಿಸಿ, ಮನೆಯವರನ್ನು ಕರೆದು ಮೂರು ಪ್ರಶ್ನೆ ಕೇಳಿ: ನಿನ್ನೆ ರಾತ್ರಿ ಮೇಲೆ ಮಳೆ ಹೇಗಿತ್ತು, ಸಂಕ ಎಲ್ಲಿದೆ, ಹಳ್ಳ ಏರಿದರೆ ಸುತ್ತಿ ಬರುವ ದಾರಿ ಇದೆಯಾ. ಎಷ್ಟು ಜನ ಹೋಗುತ್ತಿದ್ದೀರಿ ಅಂತಲೂ ಹೇಳಿ. ವಾಪಸ್ ಬರುವಾಗ ‘ಬಂದ್ವಿ ಅಜ್ಜಾ’ ಅಂತ ಒಂದು ಕೂಗು ಹಾಕಿ, ಇಲ್ಲದಿದ್ದರೆ ಅವರು ರಾತ್ರಿಯೆಲ್ಲ ಕಾಯುತ್ತಾರೆ. ಮ್ಯಾಗಿ ಕವರು ಅವರ ತೋಟದ ಕಾಲುವೆಗೆ ಬಿಸಾಡಿದರೆ ಮುಂದಿನ ಸಲ ಸಂಕದ ದಾರಿ ಯಾರೂ ಹೇಳುವುದಿಲ್ಲ.

ಆ ನೀಲಿ ಹಗ್ಗ ಬೇಕಾದರೆ ತನ್ನಿ. ಉಳಿದುಕೊಂಡ ಮನೆಯಲ್ಲಿ ಒದ್ದೆ ಬಟ್ಟೆ ಹರವಲು ಬೇಕಾಗುತ್ತದೆ. ಪುಷ್ಯ ಮಳೆಯಲ್ಲಿ ಅದು ಒಣಗುವುದಿಲ್ಲ, ಆ ಮಾತು ಬೇರೆ.