ಮದನಿಕೆ ಮತ್ತು ಸ್ಟಾಕಿಂಗ್ಸ್

ಪ್ರಶ್ನೆ: ಮಗಳ ಜೊತೆ ಮುಂಬಯಿಯ ಕಾಲಾಘೋಡಾದ ಒಂದು ಗ್ಯಾಲರಿಗೆ ಹೋಗಿದ್ದೆ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ತುರುಕಿದ ನೈಲಾನ್ ಸ್ಟಾಕಿಂಗ್ಸ್ ಜೋತುಬಿದ್ದಿತ್ತು. ಹೆಣ್ಣಿನ ಮೈಯಂತೆ! ಬೇಲೂರಿನ ಮದನಿಕೆಯರನ್ನು ನೋಡಿ ಬೆಳೆದವಳು ನಾನು. ಇಂಥದ್ದನ್ನು ನಾನೇ ಮನೆಯಲ್ಲಿ ಮಾಡಬಹುದು ಅಲ್ವಾ?
– ಒಬ್ಬ ಓದುಗಿ, ಡೊಂಬಿವಲಿ

ಉತ್ತರ: ಮಾಡಿ ತಂಗಿ, ಯಾರು ಬೇಡ ಅಂದರು? ಆದರೆ ಹತ್ತಿ ಸ್ವಲ್ಪ ಜಾಸ್ತಿಯಾದರೂ ಅದು ದಿಂಬಾಗುತ್ತದೆ, ಮೈ ಆಗುವುದಿಲ್ಲ. ಹದ ಸಿಗುವುದೇ ಕಷ್ಟ.

ನೀವು ನೋಡಿದ್ದರ ಮೂಲ ಲಂಡನ್ನಿನಲ್ಲಿದೆ. ಸಾರಾ ಲೂಕಸ್ ಅನ್ನುವ ಕಲಾವಿದೆ 1997ರಲ್ಲಿ ಸ್ಟಾಕಿಂಗ್ಸ್‌ಗೆ ಬೂರುಗದ ಹತ್ತಿ ತುಂಬಿ, ಕುರ್ಚಿಗೆ ಸಿಕ್ಕಿಸಿ 'ಬನಿ' (ಮೊಲದ ಮರಿ) ಅಂತ ಹೆಸರಿಟ್ಟರು. ತಲೆ ಇಲ್ಲ, ಮುಖ ಇಲ್ಲ, ಜೋಲುವ ಕಾಲುಗಳಷ್ಟೇ. 1992ರಲ್ಲಿ ಮೇಜಿನ ಮೇಲೆ ಎರಡು ಕರಿದ ಮೊಟ್ಟೆ, ಒಂದು ಕಬಾಬ್ ಇಟ್ಟು ಹೆಂಗಸು ಅಂದಿದ್ದರು. ಗಂಡಸರು ಗುಂಪಿನಲ್ಲಿ ಆಡುವ ಪೋಲಿ ಜೋಕನ್ನೇ ಎತ್ತಿ ಎದುರಿಗಿಟ್ಟದ್ದು ಅದು. ಕಾಲು ನುಣುಪಾಗಿ ಕಾಣಲಿ ಅಂತ ಹಾಕುವ ನೈಲಾನ್ 'ಬನಿ'ಯ ಕುರ್ಚಿಯಲ್ಲಿ ಸೋತು ಕೂತಿದೆ. ಅದೇ ವಿಷಯ.

ಮದನಿಕೆಯರು ಚೆಂದ, ಇಲ್ಲ ಅನ್ನುವುದಿಲ್ಲ. ಕೆತ್ತಿದ ದಾಸೋಜ, ಚಾವಣರ ಹೆಸರು ಕಲ್ಲಿನಲ್ಲೇ ಇದೆ. ಕನ್ನಡಿ ಹಿಡಿದು ಹಾಗೆ ಸೊಂಟ ಬಳುಕಿಸಿ ನಿಂತವಳಿಗೆ ಬೆನ್ನು ನೋಯುತ್ತಿತ್ತೇ ಅಂತ ಮಾತ್ರ ಯಾರೂ ಕೇಳಿಲ್ಲ.

ಕೇಳಿದವರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ. 1998ರ ಅವರ ಕೃತಿಯ ಹೆಸರು 'ಮತ್ತೆ ಅವನಿಗೆ ನನ್ನ ನೋವು ಹೇಳು' ಅನ್ನುವ ಅರ್ಥದ್ದು. ಸೂಜಿಗಳಿಗೆ ಮಾರುಗಟ್ಟಲೆ ದಾರ ಪೋಣಿಸಿ, ಎಳೆಗಳನ್ನೆಲ್ಲ ಸೇರಿಸಿ, ಅಂಟು ಮತ್ತು ಕುಂಕುಮ ಹಚ್ಚಿ ಹಗ್ಗ ಮಾಡಿದ್ದಾರೆ. ಆ ಕೆಂಪು ಹಗ್ಗ ಗೋಡೆಯಿಂದ ನೆಲಕ್ಕೆ ಹರಿಯುತ್ತದೆ. ದೂರದಿಂದ ಕರುಳು ಅನ್ನಿಸುತ್ತದೆ. ಹತ್ತಿರ ಹೋಗಿ ತುದಿ ನೋಡಿದರೆ ಸೂಜಿಗಳ ಗೊಂಚಲು! ಹೊಲಿಗೆ ಯಾರ ಕೆಲಸ, ಕುಂಕುಮ ಯಾರ ಹಣೆಯದ್ದು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾ?

ಮುಂಬಯಿಯಲ್ಲೇ 1949ರಲ್ಲಿ ಹುಟ್ಟಿದ ಮೃಣಾಲಿನಿ ಮುಖರ್ಜಿಯವರೂ ಇದ್ದರು, 2015ರಲ್ಲಿ ತೀರಿಕೊಂಡರು. ಸೆಣಬಿನ ಹಗ್ಗಕ್ಕೆ ಬಣ್ಣ ಹಾಕಿ, ಕೈಯಲ್ಲೇ ಗಂಟು ಹಾಕುತ್ತಾ ಆಳೆತ್ತರದ ಯಕ್ಷಿಯನ್ನು ಮಾಡಿದವರು. ಅದು ಹೆಣ್ಣೋ, ಹೂವೋ, ದೇವರೋ ಹೇಳುವುದು ಕಷ್ಟ. ನನಗೆ ಇಷ್ಟವಾಗುವುದೂ ಅದಕ್ಕೇ.

ನಿಮ್ಮ ಕಾಲಾಘೋಡಾದ ಕುರ್ಚಿಯನ್ನು ನಾನು ನೋಡಿಲ್ಲ. ಸ್ಟಾಕಿಂಗ್ಸೇ ಯಾಕೆ ಅಂತ ಮಗಳನ್ನು ಕೇಳಿ. ನಮ್ಮ ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಯಲ್ಲಿ ಅದನ್ನು ಹಾಕಿಕೊಂಡವರು ಎಷ್ಟು ಜನ ಸಿಗುತ್ತಾರೆ? ಇಲ್ಲಿನ ಬೆವರಿಗೆ, ಇಲ್ಲಿನ ಮೈಗೆ ಹೊಂದುವ ಕಾರಣ ಇಲ್ಲದಿದ್ದರೆ ಅದು ಸುಮ್ನೆ ಲಂಡನ್ನಿನ ನಕಲು.