ಮನೆ ಮುಂದೆ ಹಾಸಲು ಎಷ್ಟು ಜಲ್ಲಿ ತರಿಸಬೇಕು?

ನಿಮ್ಮ ಜಾಗ ಹೀಗಿದೆ ಅಂದಿದ್ದೀರಿ: ಮನೆ ಮುಂದೆ 20 ಅಡಿಗೆ 12 ಅಡಿ, ಅಲ್ಲಿ ಕಾರು ನಿಲ್ಲುತ್ತದೆ. ಪಕ್ಕದಲ್ಲಿ 40 ಅಡಿ ಉದ್ದ, 3 ಅಡಿ ಅಗಲದ ಓಣಿ. ಟ್ರ್ಯಾಕ್ಟರ್‌ನವರು ಎರಡು ಲೋಡ್ ಬೇಕು ಅಂತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ.

ಮೊದಲು ಲೋಡ್ ಅನ್ನೋ ಮಾತು ಬಿಡಿ. ಅದು ಅಳತೆಯೇ ಅಲ್ಲ, ಒಬ್ಬೊಬ್ಬರ ಟ್ರೇಲರ್ ಒಂದೊಂದು ಥರ. ಘನ ಅಡಿಯಲ್ಲಿ ಲೆಕ್ಕ ಹಾಕಿ. ಜಾಗದ ಚದರ ಅಡಿಯನ್ನು ದಪ್ಪ 2 ಇಂಚಾದರೆ 6ರಿಂದ, 3 ಇಂಚಾದರೆ 4ರಿಂದ, 4 ಇಂಚಾದರೆ 3ರಿಂದ ಭಾಗಿಸಿದರೆ ಆಯಿತು.

ಓಣಿ 120 ಚದರ ಅಡಿ. ಬರೀ ನಡೆದಾಡೋ ಜಾಗ, 2 ಇಂಚು ಸಾಕು: 20 ಘನ ಅಡಿ. ಮುಂದಿನ ಜಾಗ 240 ಚದರ ಅಡಿ. ಕಾರಿನ ಭಾರಕ್ಕೆ 4 ಇಂಚು ಹಾಕಿದರೆ 80 ಘನ ಅಡಿ. ಒಟ್ಟು 100. ತುಳಿದಾಗ ಕೂರುವುದಕ್ಕೆ, ಅಂಚಿನಲ್ಲಿ ಚೆಲ್ಲುವುದಕ್ಕೆ ಅಂತ ಶೇಕಡಾ 10 ಸೇರಿಸಿ: 110. ತೂಕದ ಲೆಕ್ಕದಲ್ಲಿ ಕೊಡುವವರಾದರೆ, ಒಂದು ಘನ ಅಡಿ ಜಲ್ಲಿ ಹೆಚ್ಚು ಕಡಿಮೆ 42ರಿಂದ 45 ಕೆಜಿ ತೂಗುತ್ತದೆ. ನಿಮಗೆ ಐದು ಟನ್‌ಗಿಂತ ಸ್ವಲ್ಪ ಕಮ್ಮಿ.

ಈ ಲೆಕ್ಕ ನೆಲ ಮಟ್ಟವಾಗಿದ್ದರೆ ಮಾತ್ರ. ನಾನು ಎಡವಿದ್ದು ಇಲ್ಲೇ. ನಮ್ಮದು 24ಕ್ಕೆ 10 ಅಡಿ ಜಾಗ. 3 ಇಂಚು ಅಂದುಕೊಂಡು 60 ಘನ ಅಡಿ ತರಿಸಿದೆ. ಕಣ್ಣಿಗೆ ನೆಲ ಸಮ ಕಂಡಿತ್ತು. ಹರಡಿದ ಮೇಲೆ ಗೇಟಿನ ಕಡೆ ಜಲ್ಲಿಯೇ ಇಲ್ಲ! ಆಮೇಲೆ ಗೂಟ ಹೊಡೆದು ನೂಲು ಕಟ್ಟಿ ನೋಡಿದರೆ ಗೋಡೆ ಹತ್ತಿರ 3 ಇಂಚು, ಗೇಟಿನ ಹತ್ತಿರ 6 ಇಂಚು. ಸರಾಸರಿ ನಾಲ್ಕೂವರೆ, ಅಂದರೆ 90 ಘನ ಅಡಿ ಬೇಕಿತ್ತು. ಉಳಿದ 30ಕ್ಕೆ ಇನ್ನೊಂದು ಟ್ರಿಪ್, ಪೂರ್ತಿ ಬಾಡಿಗೆ. ಸಾಲದ್ದಕ್ಕೆ ಬೇರೆ ಕ್ರಷರ್‌ನ ಕಲ್ಲು, ಬಣ್ಣವೂ ಹೊಂದಲಿಲ್ಲ. ಈಗಲೂ ಗೇಟಿನ ಹತ್ತಿರ ತೇಪೆ ಹಾಕಿದ ಹಾಗೆ ಕಾಣುತ್ತದೆ.

ನಿಮ್ಮ ಮುಂದಿನ ಜಾಗದಲ್ಲಿ ಒಂದು ಇಂಚು ತಪ್ಪಿದರೆ 20 ಘನ ಅಡಿ ತಪ್ಪುತ್ತದೆ. ಆದ್ದರಿಂದ ನೂಲು ಕಟ್ಟಿ, ಐದಾರು ಕಡೆ ಆಳ ಅಳೆದು, ಸರಾಸರಿ ತೆಗೆದುಕೊಳ್ಳಿ. ಸಂಪಿನ ಮುಚ್ಚಳದ ಜಾಗ ಕಳೆಯುವುದು ಮರೆಯಬೇಡಿ.

ಇನ್ನೊಂದು ದಾರಿಯೂ ಇದೆ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ. ಮಣ್ಣು ಮೆತ್ತಗಿದ್ದರೆ ಮಳೆಗಾಲದಲ್ಲಿ ಟಯರ್ ಕೆಳಗಿನ ಜಲ್ಲಿ ಒಳಗೆ ಇಳಿಯುತ್ತಲೇ ಇರುತ್ತದೆ, ಎಷ್ಟು ಸುರಿದರೂ ಅಷ್ಟೇ. ಕಾರು ನಿಲ್ಲುವ ಕಡೆ ಮೊದಲು ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಹಾಕಿ, ನೀರು ಹೊಡೆದು, ದಿಮ್ಮಸು ಮಾಡಿಸಿ. ಅದರ ಮೇಲೆ ಜಲ್ಲಿ 3 ಇಂಚು ಸಾಕು. ಆಗ 60 ಮತ್ತು 20, ಒಟ್ಟು 80. ಹೆಚ್ಚುವರಿ ಸೇರಿ 88. ಒಳಗಡೆ 10 ಅಡಿ ಉದ್ದ, 6 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ರೇಲರ್ ಮಟ್ಟವಾಗಿ ತುಂಬಿದರೆ 90. ಜಲ್ಲಿ ಒಂದೇ ಲೋಡಿಗೆ ಮುಗಿಯಿತಲ್ವಾ?

ಆದರೆ ಆ ಟ್ರೇಲರನ್ನು ನೀವೇ ಟೇಪ್ ಹಿಡಿದು ಅಳೆಯಿರಿ, ಸುರಿಯುವ ಮುಂಚೆ. ಮಧ್ಯದಲ್ಲಿ ಗುಡ್ಡೆ, ಮೂಲೆಗಳಲ್ಲಿ ಖಾಲಿ ಇರುತ್ತದೆ. ಮೇಲ್ಗಡೆ ಸಮ ಮಾಡಿಸಿ, ಒಳಗಿನ ಉದ್ದ, ಅಗಲ, ಎತ್ತರ ನೋಡಿ. ದಾರಿಯಲ್ಲಿ ಕುಲುಕಿ ಸ್ವಲ್ಪ ಇಳಿಯುವುದು ನಿಜ, ಆದರೆ ಅರ್ಧ ಅಡಿಯೆಲ್ಲ ಇಳಿಯುವುದಿಲ್ಲ. ತೂಕದ ಲೆಕ್ಕವಾದರೆ ಖಾಲಿ ಗಾಡಿಯ ತೂಕದ ಚೀಟಿಯನ್ನೂ ಕೇಳಿ.

ಫೋನಿನಲ್ಲಿ ಸುಮ್ನೆ ‘ಗ್ರಾವೆಲ್’ ಅನ್ನಬೇಡಿ. ನಮ್ಮ ಕಡೆ ಹಾಗಂದರೆ ಕೆಂಪು ಗರಸನ್ನೇ ತಂದು ಸುರಿಯುತ್ತಾರೆ. ‘20 ಎಂಎಂ ಜಲ್ಲಿ’ ಅನ್ನಿ. ಓಣಿಯಲ್ಲಿ ಬರಿಗಾಲಲ್ಲಿ ಓಡಾಡುವವರಿದ್ದರೆ ಅಲ್ಲಿಗೆ 12 ಎಂಎಂ ಮೇಲು. 40 ಎಂಎಂ ಬೇಡ, 2 ಇಂಚಿನಲ್ಲಿ ಒಂದೇ ಸಾಲು ಕಲ್ಲು ಕೂತು ನಡುವೆ ಮಣ್ಣು ಕಾಣುತ್ತದೆ. ನುಣುಪಾದ ಗುಂಡುಕಲ್ಲು ಗಿಡದ ಬುಡಕ್ಕೆ ಚಂದ, ಟಯರ್ ಕೆಳಗೆ ಮಾತ್ರ ಉರುಳುತ್ತದೆ. ಅದನ್ನು ಚೀಲದಲ್ಲಿ ಮಾರುತ್ತಾರೆ. 50 ಕೆಜಿ ಚೀಲ 2 ಇಂಚು ದಪ್ಪಕ್ಕೆ ಸುಮಾರು 7 ಚದರ ಅಡಿಗೆ ಬರುತ್ತದೆ.

ನೂಲು ಕಟ್ಟಿ ಅಳೆದ ಆಳಗಳನ್ನು ಇಲ್ಲಿ ಹಾಕಿ, ಒಟ್ಟು ಎಷ್ಟಾಗುತ್ತದೆ ಅಂತ ನಾನೂ ಒಂದು ಸಲ ನೋಡುತ್ತೇನೆ.