ತಾತನ .315 ರೈಫಲ್‌ಗೆ ಹೊಸ ನಳಿಗೆ ಹಾಕಿಸಿ, ತೋಟಾ ಮನೆಯಲ್ಲೇ ತುಂಬಬಹುದಾ?

ಇದೇ ಪ್ರಶ್ನೆ ಹಿಡಿದು ನಾನೂ ಒಂದು ವರ್ಷ ಅಲೆದಿದ್ದೇನೆ. ನಮ್ಮದು ಸಿರುಗುಪ್ಪದ ಹತ್ತಿರ, ತುಂಗಭದ್ರಾ ಕಾಲುವೆ ಪಕ್ಕದಲ್ಲೇ ಭತ್ತದ ಗದ್ದೆ. ಬೆಳೆ ಕಾಯಲು ತಾತ ಲೈಸೆನ್ಸ್ ಮಾಡಿಸಿ ತಂದಿದ್ದ .315 ಅಪ್ಪನ ನಂತರ ನನ್ನ ಹೆಸರಿಗೆ ಬಂತು. ಜೊತೆಗೆ ಒಂದು ಹಳೇ ಪೆಟ್ಟಿಗೆ ತೋಟಾ.

ಆ ವರ್ಷ ಹಂದಿ ಕಾಟ ಜಾಸ್ತಿ. ಒಂದು ರಾತ್ರಿ ಬೆದರಿಸಲು ಕಾಲುವೆ ಏರಿಯ ಮಣ್ಣಿಗೆ ಮೂರು ಗುಂಡು ಹೊಡೆದೆ. ಬೆಳಿಗ್ಗೆ ನಳಿಗೆಯೊಳಗೆ ಎಣ್ಣೆ ಬಟ್ಟೆ ಎಳೆದು ಬೀರುವಿನಲ್ಲಿ ಇಟ್ಟುಬಿಟ್ಟೆ. ತಪ್ಪಾಗಿದ್ದು ಅಲ್ಲೇ. ಹಳೇ ತೋಟಾಗಳ ಹಿಂಬದಿಯ, ಮದ್ದಿಗೆ ಕಿಡಿ ಹಚ್ಚುವ ಕ್ಯಾಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟಮೇಲೆ ನಳಿಗೆಯೊಳಗೆ ಒಂದು ಉಪ್ಪು ಉಳಿಯುತ್ತದೆ. ಅಡುಗೆ ಉಪ್ಪಿನ ಹಾಗೇ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಲ್ಲಿ ಮಾತ್ರ ಕರಗುತ್ತದೆ. ನಾನು ಎಣ್ಣೆ ಹಾಕಿ ಆ ಉಪ್ಪನ್ನು ಒಳಗೇ ಮುಚ್ಚಿಟ್ಟಿದ್ದೆ. ಅದೇ ದಿನ ಒಂದು ಚೆಂಬು ಬಿಸಿನೀರು ಹಾಯಿಸಿ, ಒರೆಸಿ ಒಣಗಿಸಿ, ಆಮೇಲೆ ಎಣ್ಣೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಬಂದೂಕಿಗೆ ನೀರು ತಾಗಿಸಬಾರದು ಅಂತಲೇ ನಾನು ನಂಬಿದ್ದೆ.

ಚುನಾವಣೆ ಬಂತು. ಸ್ಟೇಷನ್ನಿಗೆ ಒಪ್ಪಿಸಲು ಹೊರಗೆ ತೆಗೆದು ನೋಡಿದರೆ ನಳಿಗೆಯೊಳಗೆ ಕೆಂಪು ತುಕ್ಕು, ಗುಂಡನ್ನು ತಿರುಗಿಸಿ ಗುರಿಗೆ ಕಳಿಸುವ ಗೆರೆಗಳ ಮೇಲೆ ಚುಕ್ಕಿ ಚುಕ್ಕಿ ಗುಳಿ. ತಾತ ನಲವತ್ತು ವರ್ಷ ಕಾಪಾಡಿದ್ದು ನನ್ನ ಕೈಲಿ ಒಂದು ಮಳೆಗಾಲಕ್ಕೆ ಹೋಯಿತು. ಆಗ ನನಗೂ ನಿಮ್ಮದೇ ಯೋಚನೆ ಬಂತು.

ತೋಟಾ ತುಂಬುವ ಮಾತು ಬಿಟ್ಟುಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ನಮ್ಮ ಲೈಸೆನ್ಸ್ ಅದಕ್ಕೆ ಆಗುವುದಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಕಡಿಮೆ ಅಂದರೂ 7 ವರ್ಷ ಜೈಲು. ಮನೆ ಮಠ ಇರುವವರು ಮಾಡುವ ಕೆಲಸವಲ್ಲ. ಅಳತೆಯಲ್ಲೂ ಮೋಸ ಹೋಗುತ್ತೀರಿ. .315 ಇಂಚು ಅಂದರೆ 8 ಮಿಲಿಮೀಟರ್, ಆದರೆ ಗುಂಡು ಅದಕ್ಕಿಂತ ದಪ್ಪ, ಸುಮಾರು 8.2. ಇದು ಆಸ್ಟ್ರಿಯಾ ಸೈನ್ಯ 1890ರ ಸುಮಾರಿಗೆ ಬಳಸುತ್ತಿದ್ದ ಮ್ಯಾನ್ಲಿಕರ್ ಎಂಬ ರೈಫಲ್‌ನ ತೋಟಾ. ಇದನ್ನೇ ಹೋಲುವ ಬೇರೆ 8 ಮಿಲಿಮೀಟರ್ ತೋಟಾಗಳೂ ಇವೆ. ಹೆಸರು ನೋಡಿ ಮದ್ದು ಅಳೆದರೆ ಮುಖಕ್ಕೇ ಸಿಡಿಯಬಹುದು.

ಇನ್ನು ನಳಿಗೆ. ಅದು ಹಾಳಾಗಿದೆ ಅಂತ ನಿಮಗೆ ಯಾರು ಹೇಳಿದರು? ನನ್ನದನ್ನು ಲೈಸೆನ್ಸ್ ಇರುವ ರಿಪೇರಿ ಅಂಗಡಿಗೆ ಒಯ್ದೆ. ಊರಿನ ಲೇತ್‌ಗೆ ಕೊಡಬೇಡಿ, ರಿಪೇರಿಗೂ ಅದೇ 5ನೇ ಸೆಕ್ಷನ್. ಅಲ್ಲಿಯ ಮುದುಕಪ್ಪ ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಗೆರೆ ಇನ್ನೂ ಇದೆ, ಬದಲಾಯಿಸೋದು ಬೇಡ" ಅಂದರು. ಬ್ರಷ್ ಹಾಕಿ ಒಂದು ವಾರ ತೊಳೆದು ಕೊಟ್ಟರು. ಗುಳಿ ಹೋಗಿಲ್ಲ, ಆದರೆ ಗುರಿ ತಪ್ಪಿಲ್ಲ. ಈಗ ಅಂಗಡಿಯ ಹೊಸ ತೋಟಾ ಮಾತ್ರ ತರುತ್ತೇನೆ.

ಮೊದಲು ತೋಟಾ ಪೂರ್ತಿ ತೆಗೆದು, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ಬಿಚ್ಚಿ, ಹಿಂದಿನಿಂದ ಒಣ ಬಿಳಿ ಬಟ್ಟೆ ಎಳೆಯಿರಿ. ಮೂರು ದಿನ ಬಿಟ್ಟು ಇನ್ನೊಮ್ಮೆ ಎಳೆಯಿರಿ. ಎರಡನೇ ಸಲವೂ ಬಟ್ಟೆ ಕೆಂಪಾಗಿಯೇ ಬಂದರೆ ಇಲ್ಲೇ ಬರೆಯಿರಿ.